ಎಲ್ಲ ರೈತರ ಮೊಬೈಲ್ ನಂಬರೂ 2147483647: ಇದು ನಿಜಕ್ಕೂ ಅವಿಭಾಜ್ಯವೇ?

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮಾಲು ತರುವ ರೈತರ ಹೆಸರು, ಊರು, ಮೊಬೈಲ್ ನಂಬರ್ ಇಟ್ಟುಕೊಳ್ಳಲು ಪರಿಚಯದವರೊಬ್ಬರಿಂದ ಸಣ್ಣ ಸಾಫ್ಟ್‌ವೇರ್ ಮಾಡಿಸಿದ್ದೆವು. ವಾರ ಬಿಟ್ಟು ತೆರೆದು ನೋಡಿದರೆ ಅಷ್ಟೂ ರೈತರ ನಂಬರ್ ಒಂದೇ ಆಗಿತ್ತು: 2147483647. ಕೇಳಿದ್ದಕ್ಕೆ ಅವರು, "ಅದು ಭಾಳ ದೊಡ್ಡ ಅವಿಭಾಜ್ಯ ಸಂಖ್ಯೆರೀ, ಕಂಪ್ಯೂಟರ್ ಅಲ್ಲಿಗೇ ಲಾಕ್ ಆಗತೈತಿ" ಅಂದರು. ಇದು ಖರೆ ಏನು? ಇಷ್ಟು ದೊಡ್ಡ ಸಂಖ್ಯೆಯನ್ನು ಯಾರು, ಎಷ್ಟು ಸಲ ಭಾಗಿಸಿ ನೋಡಿದರು? ನಾನು ಬಿ.ಕಾಂ. ಓದಿದವನು. ಕಾಗದ ಪೆನ್ನು ಹಿಡಿದು ಇದನ್ನು ಪರೀಕ್ಷಿಸಲು ನನ್ನಿಂದ ಆಗುತ್ತದೆಯೇ? ಕೊನೆಗೆ, ಇದರಿಂದ ಯಾರಿಗೆ ಏನು ಉಪಯೋಗ?

ಉತ್ತರ: ನಿಮ್ಮ ಪರಿಚಯದವರು ಹೇಳಿದ್ದು ಅರ್ಧ ಖರೆ. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು ಅವಿಭಾಜ್ಯ ಸಂಖ್ಯೆಯೇ. ಅದು ಸಾಬೀತಾಗಿ ಇನ್ನೂರೈವತ್ತು ವರ್ಷ ಕಳೆದಿವೆ. ಅಷ್ಟು ಚೀಲ ಮೆಣಸಿನಕಾಯಿ ಕೊಟ್ಟು, ಸಾಲಿಗೆ ಇಷ್ಟಿಷ್ಟೇ ಎಂದು ಸಮನಾಗಿ ಒಟ್ಟಲು ಹೇಳಿದರೆ ಯಾವ ಹಮಾಲನಿಂದಲೂ ಆಗದು. ಒಂದೇ ಉದ್ದ ಸಾಲು ಹಾಕಬೇಕು, ಇಲ್ಲವೇ ಕೊನೆಯ ಸಾಲು ಅರೆಬರೆ ಉಳಿಯುತ್ತದೆ. ಆದರೆ ಕಂಪ್ಯೂಟರ್ ಅಲ್ಲಿ ನಿಂತದ್ದಕ್ಕೂ ಸಂಖ್ಯೆ ಅವಿಭಾಜ್ಯವಾಗಿರುವುದಕ್ಕೂ ಸಂಬಂಧವಿಲ್ಲ.

ಮೊದಲು ನಿಮ್ಮ ಅಂಗಡಿಯ ಸಮಸ್ಯೆ ಮುಗಿಸಿಬಿಡೋಣ. ಹೈಸ್ಕೂಲಿನಲ್ಲಿ ಛಂದಸ್ಸು ಕಲಿತದ್ದು ನೆನಪಿದೆಯಲ್ಲ? ಇರುವುದು ಎರಡೇ ಗುರುತು, ಲಘು ಮತ್ತು ಗುರು. ಮೂರಕ್ಷರದ ಗಣ ಎಷ್ಟು ಬಗೆ ಎಂದರೆ ಯ ಮ ತ ರ ಜ ಭ ನ ಸ, ಒಟ್ಟು ಎಂಟು. ಪ್ರತಿ ಅಕ್ಷರಕ್ಕೆ ಎರಡು ದಾರಿ, ಆದ್ದರಿಂದ 2 × 2 × 2. ಲಘುವಿಗೆ 0, ಗುರುವಿಗೆ 1 ಎಂದು ಬರೆದುಕೊಂಡರೆ ನಗಣ 000, ಮಗಣ 111. ಕಂಪ್ಯೂಟರಿನ ದ್ವಿಮಾನ ಪದ್ಧತಿಯೂ ಇದೇ: 000 ಅಂದರೆ ಸೊನ್ನೆ, 111 ಅಂದರೆ ಏಳು. ಮೂರು ಮನೆಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಏಳು, ಅಂದರೆ 2³ − 1.

ನಿಮ್ಮ ಸಾಫ್ಟ್‌ವೇರಿನಲ್ಲಿ ಮೊಬೈಲ್ ನಂಬರಿನ ಕಾಲಮ್ಮಿಗೆ 32 ಮನೆಗಳ ಪೂರ್ಣಾಂಕ ಎಂದು ಕೊಟ್ಟಿದ್ದಾರೆ. ಒಂದು ಮನೆ ಧನವೋ ಋಣವೋ ಎಂಬ ಗುರುತಿಗೆ ಹೋಗುತ್ತದೆ. ಉಳಿದದ್ದು 31. ಆ ಮೂವತ್ತೊಂದರಲ್ಲೂ ಗುರು ತುಂಬಿದರೆ ಬರುವುದು 2³¹ − 1, ಅದೇ 2147483647. ನಮ್ಮ ಮೊಬೈಲ್ ನಂಬರುಗಳು ಆರರಿಂದ ಒಂಬತ್ತರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯವು, ಅತಿ ಚಿಕ್ಕದೂ ಆರುನೂರು ಕೋಟಿ. ಒಂದೂ ಆ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಕೆಲವು ದತ್ತಾಂಶ ವ್ಯವಸ್ಥೆಗಳು ಹಿಡಿಸದ ಸಂಖ್ಯೆ ಬಂದಾಗ ತಕರಾರು ಮಾಡದೆ ತಮ್ಮಲ್ಲಿ ಹಿಡಿಸುವ ಅತಿ ದೊಡ್ಡದನ್ನು ಬರೆದುಕೊಂಡು ಸುಮ್ಮನಾಗುತ್ತವೆ. ಆ ಕಾಲಮ್ಮನ್ನು ಅಕ್ಷರಗಳ ಕಾಲಮ್ಮಾಗಿ ಬದಲಾಯಿಸಲು ಹೇಳಿ. ಫೋನ್ ನಂಬರನ್ನು ಯಾರೂ ಕೂಡಿಸಿ ಗುಣಿಸುವುದಿಲ್ಲ, ಅದಕ್ಕೆ ಪೂರ್ಣಾಂಕದ ಡಬ್ಬಿ ಯಾಕೆ? ಕೆಟ್ಟ ಸುದ್ದಿ ಏನೆಂದರೆ ಹಾಗೆ ಕಳೆದ ನಂಬರುಗಳು ಆ ಕಾಲಮ್ಮಿನಿಂದ ವಾಪಸು ಬರುವುದಿಲ್ಲ. ಹಳೇ ವಹಿ ಇದ್ದರೆ ಅದರಿಂದಲೇ ಮತ್ತೆ ಏರಿಸಬೇಕು.

ಅವಿಭಾಜ್ಯವಾಗಿದ್ದಕ್ಕೆ ಲಾಕ್ ಆಯಿತು ಎಂಬ ಮಾತು ಸುಳ್ಳೆನ್ನಲು ಪಕ್ಕದ ಡಬ್ಬಿಗಳನ್ನು ನೋಡಿದರೆ ಸಾಕು. 16 ಮನೆಗಳ ಡಬ್ಬಿಯ ಮಿತಿ 32767. ಅದು 7 × 31 × 151. ಈಗ ಹೆಚ್ಚಾಗಿ ಬಳಸುವ 64 ಮನೆಗಳ ಡಬ್ಬಿಯ ಮಿತಿ 9223372036854775807. ಅದೂ ಏಳರಿಂದ ಸರಿಯಾಗಿ ಭಾಗವಾಗುತ್ತದೆ. ಎರಡೂ ಸಂಯುಕ್ತ ಸಂಖ್ಯೆಗಳು, ಆದರೂ ಕಂಪ್ಯೂಟರ್ ಅಲ್ಲಿಗೂ ನಿಲ್ಲುತ್ತದೆ. ನಡುವಿನ 31 ಗುರುಗಳ ಸಂಖ್ಯೆ ಅವಿಭಾಜ್ಯವಾಗಿ ಬಂದದ್ದು ಕಾಕತಾಳೀಯ. ಇಲ್ಲಿಂದ ಮುಂದೆ ಗಣಿತ.

ಬರೀ ಒಂದುಗಳ ಸಾಲಿಗೆ ಒಂದು ಗುಣವಿದೆ. ಆರು ಒಂದುಗಳನ್ನು ಬರೆಯಿರಿ: 111111. ಮೂರು ಮೂರರ ಎರಡು ಗುಂಪು ಮಾಡಿದರೆ ಅದು 111 × 1001. ಎರಡೆರಡರ ಮೂರು ಗುಂಪು ಮಾಡಿದರೆ 11 × 10101. ನಮ್ಮ ದಶಮಾನ ಪದ್ಧತಿಯಲ್ಲೇ ಗುಣಿಸಿ ನೋಡಿ, ಸರಿ ಬರುತ್ತದೆ. ದ್ವಿಮಾನದಲ್ಲಿ ಓದಿದರೂ ಸರಿ: 63 = 7 × 9 = 3 × 21. ಅಂದರೆ ಒಂದುಗಳ ಎಣಿಕೆಯನ್ನು ಸಮಗುಂಪು ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. 15, 63 ಎರಡೂ ಹಾಗೆ ಒಡೆಯುವ ಎಣಿಕೆಗಳು, ಅದಕ್ಕೇ ಮೇಲಿನ ಎರಡು ಡಬ್ಬಿಗಳ ಮಿತಿಗಳು ಸಂಯುಕ್ತವಾದವು. ಒಂದುಗಳ ಸಾಲು ಅವಿಭಾಜ್ಯವಾಗಬೇಕಾದರೆ ಅವುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. 31 ಆ ಪರೀಕ್ಷೆಯಲ್ಲಿ ಪಾಸು.

ಆದರೆ ಇಷ್ಟಕ್ಕೇ ನಂಬುವಂತಿಲ್ಲ. 11 ಅವಿಭಾಜ್ಯ, ಆದರೆ 2¹¹ − 1 ಅಂದರೆ 2047 = 23 × 89. ಈ ಗುಂಡಿಗೆ ದೊಡ್ಡವರೇ ಬಿದ್ದಿದ್ದಾರೆ. ಇಟಲಿಯ ಕತಾಲ್ಡಿ 1588ರ ಹೊತ್ತಿಗೆ 17 ಮತ್ತು 19 ಒಂದುಗಳ ಸಂಖ್ಯೆಗಳು ಅವಿಭಾಜ್ಯವೆಂದು ಭಾಗಿಸಿಯೇ ತೋರಿಸಿದ. ಅದೇ ಉತ್ಸಾಹದಲ್ಲಿ 23, 29, 31, 37 ಕೂಡ ಹಾಗೇ ಎಂದ. ನಾಲ್ಕರಲ್ಲಿ ಮೂರು ತಪ್ಪು, 31 ಮಾತ್ರ ಸರಿ. 1644ರಲ್ಲಿ ಪ್ಯಾರಿಸಿನ ಪಾದ್ರಿ ಮರ್ಸೆನ್ 257ರವರೆಗಿನ ಪಟ್ಟಿ ಕೊಟ್ಟ. ಅದರಲ್ಲಿ 67 ಮತ್ತು 257 ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. ಆದರೂ ಈ ಜಾತಿಯ ಅವಿಭಾಜ್ಯಗಳಿಗೆ ಇಂದಿಗೂ ಮರ್ಸೆನ್ ಅವಿಭಾಜ್ಯಗಳೆಂದೇ ಹೆಸರು. ಐದು ತಪ್ಪು ಮಾಡಿಯೂ ಹೆಸರು ಉಳಿಸಿಕೊಂಡವರು ಗಣಿತದಲ್ಲಿ ಅಪರೂಪ!

31ರ ವ್ಯಾಜ್ಯ ತೀರಿಸಿದವನು ಲಿಯೊನಾರ್ಡ್ ಆಯ್ಲರ್. 1772ರಲ್ಲಿ ಬರ್ನೂಲಿ ಮನೆತನದ ಗಣಿತಜ್ಞನೊಬ್ಬನಿಗೆ ಬರೆದ ಪತ್ರದಲ್ಲಿ 2³¹ − 1 ಅವಿಭಾಜ್ಯ ಎಂದು ತಿಳಿಸಿದ. ಆಗ ಅವನಿದ್ದದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಭಾಗಿಸಿ ನೋಡಿದ್ದು ಹೌದು, ಆದರೆ ಎಷ್ಟು ಸಲ ಎಂಬುದರಲ್ಲೇ ಅವನ ಜಾಣತನ ಇರುವುದು. ನಿಮ್ಮ ಪ್ರಶ್ನೆಯ ತಿರುಳೂ ಅದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಕಣ್ಣುಮುಚ್ಚಿ ಭಾಗಿಸುವವನಿಗೆ ಮೊದಲ ಉಳಿತಾಯ ವರ್ಗಮೂಲದಿಂದ. ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆದರೆ ಒಂದಾದರೂ ವರ್ಗಮೂಲಕ್ಕಿಂತ ಚಿಕ್ಕದಿರಲೇಬೇಕು. 46340ರ ವರ್ಗ ನಮ್ಮ ಸಂಖ್ಯೆಗಿಂತ ಕಡಿಮೆ, 46341ರ ವರ್ಗ ಹೆಚ್ಚು. ಹಾಗಾಗಿ 46340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅವೂ ಸುಮಾರು 4,800 ಇವೆ. ದಿನಕ್ಕೆ ಇಪ್ಪತ್ತು ಭಾಗಾಕಾರ ಮಾಡಿದರೂ ಎಂಟು ತಿಂಗಳು.

ಆಯ್ಲರ್ ಮಾಡಿದ ಉಳಿತಾಯ ಬೇರೆ ಬಗೆಯದು. ಯಾವ ಸಂಖ್ಯೆ 2³¹ − 1ನ್ನು ಭಾಗಿಸಬಲ್ಲದು, ಅದರ ಚಹರೆ ಹೇಗಿರಬೇಕು ಎಂದು ಮೊದಲೇ ಕೇಳಿದ. ಸಂತೆಯಲ್ಲಿ ಕಳೆದ ಎತ್ತನ್ನು ಹುಡುಕುವವನು ಎಲ್ಲ ಎತ್ತುಗಳ ಹಗ್ಗ ಬಿಚ್ಚಿ ನೋಡುವುದಿಲ್ಲ. ಬಣ್ಣ, ಕೋಡು, ಸುಳಿ ಕೇಳಿಕೊಂಡು ಹೋಗುತ್ತಾನೆ.

ಉದಾಹರಣೆಗೆ 23 ತೆಗೆದುಕೊಳ್ಳಿ. ಒಂದರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ, 23 ದಾಟಿದೊಡನೆ 23 ಕಳೆಯಿರಿ: 1, 2, 4, 8, 16, 9, 18, 13, 3, 6, 12, ಮತ್ತೆ 1. ಹನ್ನೊಂದು ಮಣಿಗಳ ಒಂದು ಸರವಾಯಿತು. ಇದರಲ್ಲಿ 5 ಬಂದಿಲ್ಲ, ಅಲ್ಲಿಂದ ಶುರು ಮಾಡಿ: 5, 10, 20, 17, 11, 22, 21, 19, 15, 7, 14, ಮತ್ತೆ 5. ಇದೂ ಹನ್ನೊಂದರ ಸರ. ಒಂದರಿಂದ ಇಪ್ಪತ್ತೆರಡರವರೆಗಿನ ಎಲ್ಲ ಮಣಿಗಳೂ ಎರಡು ಸರಗಳಲ್ಲಿ ಮುಗಿದವು, ಒಂದೂ ಉಳಿಯಲಿಲ್ಲ, ಒಂದೂ ಎರಡು ಸಲ ಬರಲಿಲ್ಲ. ಎರಡನೇ ಸರ ಅಂದರೆ ಮೊದಲನೆಯದನ್ನು ಮಣಿಮಣಿಯಾಗಿ 5ರಿಂದ ಗುಣಿಸಿದ್ದು ಅಷ್ಟೇ. ಅದಕ್ಕೇ ಉದ್ದ ಸಮ. ಯಾವ ಬೆಸ ಅವಿಭಾಜ್ಯ ತೆಗೆದುಕೊಂಡರೂ ಹೀಗೇ ಆಗುತ್ತದೆ: ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಷ್ಟು ಮಣಿಗಳು ಸಮ ಉದ್ದದ ಸರಗಳಾಗಿ ಹಂಚಿಹೋಗುತ್ತವೆ. ಫ್ರೆಂಚ್ ಗಣಿತಜ್ಞ ಫರ್ಮಾ ಕಂಡ ಒಂದು ಹಳೆಯ ಪ್ರಮೇಯದ ಒಳಗುಟ್ಟು ಇಷ್ಟೇ.

ಈಗ ಯಾವುದೋ ಒಂದು ಅವಿಭಾಜ್ಯ 2³¹ − 1ನ್ನು ಭಾಗಿಸುತ್ತದೆ ಎಂದುಕೊಳ್ಳಿ. ಅಂದರೆ ಅದರಲ್ಲಿ 31 ಸಲ ದುಪ್ಪಟ್ಟು ಮಾಡಿದರೆ ತಿರುಗಿ ಒಂದಕ್ಕೆ ಬರುತ್ತೇವೆ. ಹಾಗಾದರೆ ಸರದ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಆದ್ದರಿಂದ ಸರದ ಉದ್ದ ಒಂದು ಅಥವಾ 31. ಒಂದು ಆಗಲಾರದು, ಏಕೆಂದರೆ ಒಂದನ್ನು ದುಪ್ಪಟ್ಟು ಮಾಡಿದರೆ ಎರಡಾಗುತ್ತದೆ. ಎಲ್ಲ ಸರಗಳೂ 31 ಮಣಿಯವು ಎಂದಾಯಿತು. ಹಾಗಾಗಿ ಭಾಜಕದಿಂದ ಒಂದು ಕಳೆದರೆ 31ರ ಮಗ್ಗಿಯಲ್ಲಿರಬೇಕು. ಭಾಜಕ ಬೆಸ, ಒಂದು ಕಳೆದರೆ ಸಮ. ಅಲ್ಲಿಗೆ 62ರ ಮಗ್ಗಿ. ಭಾಜಕದ ಚಹರೆ ಸಿಕ್ಕಿತು: 62ಕ + 1, ಇಲ್ಲಿ ಕ ಎಂದರೆ 1, 2, 3 ಹೀಗೆ ಯಾವುದಾದರೂ ಪೂರ್ಣಾಂಕ.

ಕತಾಲ್ಡಿಗೆ ಇದು ಗೊತ್ತಿದ್ದಿದ್ದರೆ 23ರ ವಿಷಯದಲ್ಲಿ ಮೊದಲ ಹೆಜ್ಜೆಗೇ ಎಚ್ಚರವಾಗುತ್ತಿತ್ತು. ಅಲ್ಲಿ ಭಾಜಕದ ಚಹರೆ 46ಕ + 1. ಮೊದಲ ಉಮೇದುವಾರನೇ 47, ಮತ್ತು 8388607 = 47 × 178481. ಒಂದೇ ಭಾಗಾಕಾರದಲ್ಲಿ ಕಳ್ಳ ಸಿಕ್ಕ.

ಆಯ್ಲರ್ ಇನ್ನೊಂದು ಜರಡಿ ಹಿಡಿದ. 2³¹ಕ್ಕೆ ಶೇಷ 1 ಬರುವುದಾದರೆ 2³²ಕ್ಕೆ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ಆ ಭಾಜಕದ ಲೋಕದಲ್ಲಿ ಒಂದು ವರ್ಗಸಂಖ್ಯೆ ಶೇಷ 2 ಕೊಡುತ್ತದೆ. ಎಂಟರ ಮಗ್ಗಿಗಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರುವ ಬೆಸ ಅವಿಭಾಜ್ಯಗಳಲ್ಲಿ ಮಾತ್ರ ಹೀಗಾಗಲು ಸಾಧ್ಯ. 7ರಲ್ಲಿ 3ರ ವರ್ಗ 9, ಶೇಷ 2. 17ರಲ್ಲಿ 6ರ ವರ್ಗ 36, ಶೇಷ 2. 23ರಲ್ಲಿ 5ರ ವರ್ಗ 25, ಶೇಷ 2. ಅದೇ 11 ಅಥವಾ 13ರಲ್ಲಿ ಎಷ್ಟು ವರ್ಗ ಮಾಡಿದರೂ ಶೇಷ 2 ಬಾರದು. ಇದರ ಸಾಧನೆ ಸ್ವಲ್ಪ ಉದ್ದ, ಇವತ್ತಿಗೆ ನನ್ನ ಮಾತು ನಂಬಿಕೊಳ್ಳಿ.

ಎರಡೂ ಜರಡಿ ಸೇರಿಸಿದರೆ ಉಳಿಯುವ ಉಮೇದುವಾರರು 248ಕ + 1 ಅಥವಾ 248ಕ + 63 ರೂಪದವರು. 46340ರ ಒಳಗೆ ಅಂಥವು ಮೊದಲ ರೂಪದಲ್ಲಿ 186, ಎರಡನೆಯದರಲ್ಲಿ 186, ಒಟ್ಟು 372. (63 ಕೂಡ ಎರಡನೇ ರೂಪದ್ದೇ, ಆದರೆ ಅದು ಅವಿಭಾಜ್ಯವಲ್ಲ.) ಮೊದಲ ಹತ್ತು ಇವು: 249, 311, 497, 559, 745, 807, 993, 1055, 1241, 1303. ಇವುಗಳಲ್ಲಿ 249 ಮೂರರಿಂದ, 497 ಏಳರಿಂದ, 559 ಹದಿಮೂರರಿಂದ, 1241 ಹದಿನೇಳರಿಂದ ಹೋಗುತ್ತವೆ. ಇನ್ನು 745, 807, 993, 1055 ನೋಡಿದರೇ ಗೊತ್ತಾಗುತ್ತದೆ. ಹತ್ತರಲ್ಲಿ ನಿಜವಾಗಿ ಭಾಗಿಸಬೇಕಾದದ್ದು 311 ಮತ್ತು 1303, ಎರಡೇ.

ಆ ಭಾಗಾಕಾರಕ್ಕೂ ಹತ್ತಂಕಿಯ ಸಂಖ್ಯೆ ಬರೆದುಕೊಂಡು ಕೂರಬೇಕಿಲ್ಲ. ನೀವು ಲೆಕ್ಕ ಬರೆಯುವವರು, ಜಮೆ-ಸಾಲದ ಭಾಷೆಯಲ್ಲೇ ಹೇಳುತ್ತೇನೆ. 311ರಿಂದ ನೋಡೋಣ. 2⁸ ಅಂದರೆ 256, ಅದು 311ಕ್ಕೆ 55 ಕಡಿಮೆ, ಹಾಗಾಗಿ 55 ಸಾಲ. 2¹⁶ ಬೇಕೆಂದರೆ ಸಾಲವನ್ನು ಸಾಲದಿಂದ ಗುಣಿಸಿ, ಜಮೆಯಾಗುತ್ತದೆ: 55 × 55 = 3025. ಅದರಲ್ಲಿ 311ರ ಒಂಬತ್ತು ಪಟ್ಟು 2799 ಕಳೆದರೆ 226. ಅದರ ಅರ್ಧ 113, ಇದು 2¹⁵ರ ಶೇಷ. 2³¹ ಎಂದರೆ 2¹⁶ × 2¹⁵, ಅಂದರೆ 226 × 113 = 25538. ಅದರಲ್ಲಿ 311ರ 82 ಪಟ್ಟು 25502 ಕಳೆಯಿರಿ, ಉಳಿದದ್ದು 36. ಒಂದು ಕಳೆದರೆ 35. ನಮ್ಮ ಸಂಖ್ಯೆಯನ್ನು 311ರಿಂದ ಭಾಗಿಸಿದರೆ ಶೇಷ 35, 311 ಭಾಜಕವಲ್ಲ. ಇದೇ ದಾರಿಯಲ್ಲಿ 1303ಕ್ಕೆ ಶೇಷ 226 ಬರುತ್ತದೆ. ಒಂದು ಉಮೇದುವಾರನಿಗೆ ಐದು ನಿಮಿಷ. ಹೀಗೆ 46340ರವರೆಗೆ ಹೋಗಿ ಒಂದಕ್ಕೂ ಸೊನ್ನೆ ಶೇಷ ಬರಲಿಲ್ಲ ಎಂಬುದೇ ಆಯ್ಲರನ ಸಾಕ್ಷಿ. ನಿಮ್ಮಿಂದ ಆಗುತ್ತದೆಯೇ ಎಂದು ಕೇಳಿದಿರಿ. ಪೇಟೆ ರಜೆಯಿರುವ ಕೆಲವು ಭಾನುವಾರಗಳು ಸಾಕು.

ಈ ಸಂಖ್ಯೆ ಹಲವು ದಶಕ ಜಗತ್ತಿನ ಅತಿ ದೊಡ್ಡ ಗೊತ್ತಿರುವ ಅವಿಭಾಜ್ಯವಾಗಿತ್ತು. ಅದರ ಜೊತೆಗೆ ಒಂದು ಪರಿಪೂರ್ಣ ಸಂಖ್ಯೆಯೂ ಸಿಕ್ಕಿತು. 6ರ ಭಾಜಕಗಳು 1, 2, 3 ಕೂಡಿದರೆ ಆರೇ ಬರುತ್ತದೆ. 28 ಕೂಡ ಹಾಗೇ. ಪ್ರತಿ ಮರ್ಸೆನ್ ಅವಿಭಾಜ್ಯಕ್ಕೂ ಇಂಥದ್ದೊಂದು ಜೋಡಿ ಇದೆ ಎಂದು ಯೂಕ್ಲಿಡ್ ಕಾಲದಿಂದ ಗೊತ್ತು. ನಮ್ಮದರ ಜೋಡಿ 2³⁰ನ್ನು ಅದರಿಂದ ಗುಣಿಸಿದ್ದು: 2305843008139952128. ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ 1811ರಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಹುಡುಕಲಿಕ್ಕಿಲ್ಲ, ಇವು ಬರೀ ಕುತೂಹಲದ ವಸ್ತುಗಳು, ಉಪಯೋಗವಿಲ್ಲ ಎಂಬರ್ಥದಲ್ಲಿ ಬರೆದ. ಪಾಪ, ಜನರ ಚಟದ ಅಂದಾಜು ಅವನಿಗಿರಲಿಲ್ಲ.

1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಭಾಗಾಕಾರವನ್ನೇ ಬಿಟ್ಟುಬಿಟ್ಟ. ಅವನ ದಾರಿಯನ್ನು 1930ರಲ್ಲಿ ಅಮೆರಿಕದ ಲೆಹ್ಮರ್ ಒಪ್ಪ ಮಾಡಿದ. ಅದು ಎಷ್ಟು ಸರಳವೆಂದರೆ ಮೊದಲ ಸಲ ಕೇಳಿದಾಗ ನನಗೆ ನಂಬಿಕೆ ಬಂದಿರಲಿಲ್ಲ. 4ರಿಂದ ಶುರು ಮಾಡಿ. ವರ್ಗ ಮಾಡಿ, ಎರಡು ಕಳೆಯಿರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಮತ್ತೆ ವರ್ಗ ಮಾಡಿ, ಎರಡು ಕಳೆಯಿರಿ. ಒಂದುಗಳ ಎಣಿಕೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಐದು ಒಂದುಗಳ 31ಕ್ಕೆ ಮೂರು ಸಲ: 4, 14, ಆಮೇಲೆ 194ರ ಶೇಷ 8, ಆಮೇಲೆ 62ರ ಶೇಷ 0. ಏಳು ಒಂದುಗಳ 127ಕ್ಕೆ ಐದು ಸಲ: 4, 14, 67, 42, 111, 0. ಮೋಸಗಾರ 2047ಕ್ಕೆ ಒಂಬತ್ತು ಸಲ ಮಾಡಿದರೆ ಕೊನೆಗೆ 1736 ಉಳಿಯುತ್ತದೆ. ಅದು ಸಂಯುಕ್ತ ಎಂದು ಗೊತ್ತಾಯಿತು, ಆದರೆ 23 ಮತ್ತು 89ರ ಸುಳಿವೂ ಸಿಗಲಿಲ್ಲ. ಈ ಪರೀಕ್ಷೆಯ ವಿಚಿತ್ರ ಇದೇ. ಮನೆಯಲ್ಲಿ ಕಳ್ಳ ಇದ್ದಾನೆ ಎಂದು ಖಚಿತವಾಗಿ ಹೇಳುತ್ತದೆ, ಯಾವ ಕೋಣೆ ಎಂದು ಹೇಳುವುದಿಲ್ಲ. ಮರ್ಸೆನ್ ಪಟ್ಟಿಯ 67 ತಪ್ಪು ಎಂದು ಲ್ಯೂಕಾನಿಗೆ ಗೊತ್ತಿತ್ತು; ಅದರ ಅಪವರ್ತನಗಳು, 193707721 ಮತ್ತು 761838257287, ಸಿಕ್ಕಿದ್ದು 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್‌ಗೆ.

ನಮ್ಮ 2147483647ಕ್ಕೆ 29 ವರ್ಗ ಸಾಕು. ಮೊದಲ ನಾಲ್ಕು ಸಲ ಭಾಗಿಸುವ ಕೆಲಸವೇ ಇಲ್ಲ: 4, 14, 194, 37634, 1416317954. ಐದನೆಯದರಿಂದ ತಲೆನೋವು ಶುರು; ಅಲ್ಲಿ ಶೇಷ 669670838. ಹತ್ತೊಂಬತ್ತಂಕಿಯ ವರ್ಗವನ್ನು ಹತ್ತಂಕಿಯಿಂದ ಭಾಗಿಸುವುದೂ ಅಷ್ಟೇನೂ ಕಷ್ಟವಲ್ಲ. 99ರಿಂದ ಭಾಗಿಸಿದ ಶೇಷ ಬೇಕಾದರೆ ಅಂಕಿಗಳನ್ನು ಎರಡೆರಡಾಗಿ ಕಡಿದು ಕೂಡಿಸುತ್ತೇವೆ: 4732ಕ್ಕೆ 47 + 32 = 79. ಹಾಗೆಯೇ ದ್ವಿಮಾನದಲ್ಲಿ 31 ಒಂದುಗಳ ಸಂಖ್ಯೆಯಿಂದ ಭಾಗಿಸಲು 31 ಮನೆಗಳಿಗೊಮ್ಮೆ ಕಡಿದು ಕೂಡಿಸಿದರೆ ಮುಗಿಯಿತು. ಕಂಪ್ಯೂಟರಿಗೆ ಇದು ಹಬ್ಬದೂಟ. ದೊಡ್ಡ ಅವಿಭಾಜ್ಯಗಳ ದಾಖಲೆಗಳಲ್ಲಿ ಈ ಒಂದೇ ಜಾತಿ ಮೇಲಿಂದ ಮೇಲೆ ಬರುವುದಕ್ಕೆ ಕಾರಣ ಇದೇ. ಬೇರೆ ಸಂಖ್ಯೆಗಳಿಗೆ ಇಷ್ಟು ಅಗ್ಗದ ಪರೀಕ್ಷೆ ಇಲ್ಲ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ನಾನೂ ಕೋಣೆಯ ಗೆಳೆಯನೂ ಒಂದು ಬೇಸಿಗೆ ರಜೆಯಲ್ಲಿ ಈ 29 ಹೆಜ್ಜೆಗಳನ್ನು ಕೈಯಲ್ಲೇ ಮಾಡಲು ಕೂತೆವು. ಒಬ್ಬ ಗುಣಿಸುವುದು, ಇನ್ನೊಬ್ಬ ಒಂಬತ್ತರ ಶೇಷ ಹಾಕಿ ತಾಳೆ ನೋಡುವುದು. ಎರಡು ನೂರುಪುಟದ ನೋಟ್‌ಬುಕ್ ತುಂಬಿದವು. ಕೊನೆಗೆ ಸೊನ್ನೆ ಬರಲಿಲ್ಲ. ಆಯ್ಲರ್ ತಪ್ಪಿದ್ದಾನೆ ಎಂದು ಒಂದು ರಾತ್ರಿ ಖುಷಿಪಟ್ಟೆವು. ಬೆಳಿಗ್ಗೆ ನೋಡಿದರೆ ಎಂಟನೇ ಹೆಜ್ಜೆಯಲ್ಲಿ 54 ಇರಬೇಕಾದಲ್ಲಿ 45 ಬರೆದಿದ್ದೆವು. ಅಂಕಿ ಅದಲುಬದಲಾದರೆ ಒಂಬತ್ತರ ತಾಳೆಗೆ ಅದು ಕಾಣುವುದೇ ಇಲ್ಲ! ಲೆಕ್ಕ ಬರೆಯುವ ನಿಮಗೆ ಇದನ್ನು ಬೇರೆ ಹೇಳಬೇಕಿಲ್ಲ. ಲ್ಯೂಕಾನ ದಾರಿಯಲ್ಲಿ ಒಂದು ತಪ್ಪು ಮುಂದಿನದೆಲ್ಲವನ್ನೂ ಕೆಡಿಸುತ್ತದೆ, ಕೊನೆಯ ಸೊನ್ನೆ ಅದನ್ನು ಬಯಲಿಗೂ ತರುತ್ತದೆ. ಆಯ್ಲರನ ದಾರಿಯಲ್ಲಿ ಒಂದು ಭಾಗಾಕಾರ ತಪ್ಪಿದರೆ ಉಳಿದವು ಕೆಡುವುದಿಲ್ಲ, ಆದರೆ ತಪ್ಪು ಸದ್ದಿಲ್ಲದೆ ಉಳಿದುಬಿಡಬಹುದು. ಕೈಲೆಕ್ಕಕ್ಕೆ ಯಾವುದು ವಾಸಿ ಎಂದು ಕೇಳಿದರೆ ನನ್ನ ಓಟು ಆಯ್ಲರನಿಗೆ.

ಲ್ಯೂಕಾ ಅದೇ 1876ರಲ್ಲಿ 127 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದ. ಅದು 39 ಅಂಕಿಯದು, ಯಂತ್ರದ ನೆರವಿಲ್ಲದೆ ಸಾಧಿಸಿದ್ದರಲ್ಲಿ ಅತಿ ದೊಡ್ಡದು, 1951ರವರೆಗೆ ಅದನ್ನು ಯಾರೂ ಮೀರಲಿಲ್ಲ. ಈಗಿನ ದಾಖಲೆ 2¹³⁶²⁷⁹⁸⁴¹ − 1. 2024ರ ಅಕ್ಟೋಬರ್ 12ರಂದು ಲೂಕ್ ಡ್ಯುರಾಂಟ್ ಎಂಬ ಅಮೆರಿಕದವರು, 1996ರಿಂದ ನಡೆದಿರುವ ಸ್ವಯಂಸೇವಕರ ಹುಡುಕಾಟದ ಭಾಗವಾಗಿ ಕಂಡುಹಿಡಿದರು. ಅಂಕಿಗಳು 4,10,24,320. ಪುಟಕ್ಕೆ ಐದು ಸಾವಿರ ಅಂಕಿ ಅಚ್ಚು ಹಾಕಿದರೂ ಎಂಟು ಸಾವಿರ ಪುಟ ದಾಟುತ್ತದೆ. ಅದನ್ನೂ ಖಚಿತಪಡಿಸಿದ್ದು 4ರಿಂದ ಶುರುವಾಗುವ ಅದೇ ಲ್ಯೂಕಾ-ಲೆಹ್ಮರ್ ಪರೀಕ್ಷೆಯಿಂದ.

ಇನ್ನು ಉಪಯೋಗ. ನಾಲ್ಕು ಕೋಟಿ ಅಂಕಿಯ ದೈತ್ಯನಿಂದ ಸದ್ಯಕ್ಕೆ ಏನೂ ಇಲ್ಲ. ಆನ್‌ಲೈನ್ ಗುಪ್ತಲಿಪಿಗೆ ದೊಡ್ಡ ಅವಿಭಾಜ್ಯಗಳು ಬೇಕು ಎಂದು ಪತ್ರಿಕೆಗಳು ಈ ಸುದ್ದಿಯ ಜೊತೆ ಬರೆಯುವುದುಂಟು. ಬೇಕು ನಿಜ, ಆದರೆ 2048 ಬಿಟ್ಟಿನ, ಅಂದರೆ 2048 ಮನೆಗಳ, ಆರ್‌ಎಸ್‌ಎ ಎಂಬ ಗುಪ್ತಲಿಪಿಯ ಬೀಗಕ್ಕೆ ಬೇಕಾಗುವುದು ಮುನ್ನೂರು ಚಿಲ್ಲರೆ ಅಂಕಿಯ ಎರಡು ಅವಿಭಾಜ್ಯಗಳು, ಅದೂ ಯಾರಿಗೂ ಗೊತ್ತಿಲ್ಲದವು. ಊರಿಗೆಲ್ಲ ಗೊತ್ತಿರುವ ಸಂಖ್ಯೆಯಿಂದ ಬೀಗ ಮಾಡಿದರೆ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ.

ಆದರೆ ನಿಮ್ಮ 2147483647 ಕೆಲಸಗಾರ ಸಂಖ್ಯೆ. ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ಚೀಟಿ ಎತ್ತಿದಂತೆ ಬರುವ ಸಂಖ್ಯೆಗಳನ್ನು, ಕಂಪ್ಯೂಟರಿನಲ್ಲಿ ಹುಟ್ಟಿಸಲು ಇದನ್ನು ದಶಕಗಳಿಂದ ಬಳಸಿದ್ದಾರೆ. ಒಂದರಿಂದ ಶುರು ಮಾಡಿ, ಪ್ರತಿ ಸಲ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿದ ಶೇಷ ಇಟ್ಟುಕೊಳ್ಳಿ: 16807, 282475249, 1622650073 ಹೀಗೆ ಹೋಗುತ್ತದೆ. 23ರ ಸರಗಳು ನೆನಪಿರಲಿ. ಅಲ್ಲಿ ದುಪ್ಪಟ್ಟು ಮಾಡಿದರೆ ಎರಡು ಸರವಾಗಿದ್ದವು. ಇಲ್ಲಿ 16807ರಿಂದ ಗುಣಿಸಿದರೆ ಒಂದೇ ಸರ. 2147483646 ಮಣಿಗಳೂ ಒಂದೊಂದೇ ಸಲ ಬಂದು, ಆಮೇಲಷ್ಟೇ ತಿರುಗಿ ಒಂದಕ್ಕೆ ಬರುತ್ತವೆ. 16807 ಅಂದರೆ ಏಳರ ಐದನೇ ಘಾತ. ಕಂಪ್ಯೂಟರಿನ ಡಬ್ಬಿಯ ಮಿತಿಯೇ ಅವಿಭಾಜ್ಯವೂ ಆಗಿದ್ದರಿಂದ ಈ ಅನುಕೂಲ ಸಿಕ್ಕಿತು. ಗುಪ್ತಲಿಪಿಯಂಥ ಬಿಗಿ ಕೆಲಸಕ್ಕೆ ಇದು ಸಾಲದು, ಮುಂದಿನ ಸಂಖ್ಯೆ ಯಾವುದು ಎಂದು ಯಾರು ಬೇಕಾದರೂ ಲೆಕ್ಕಹಾಕಬಲ್ಲರು.

ಆ ಪಕ್ಕದ ಮನೆಯ 2147483646 ಮಾತ್ರ ಪೂರ್ತಿ ವಿರುದ್ಧ ಸ್ವಭಾವದ್ದು. ಒಂದೇ ಅಂಕಿ ವ್ಯತ್ಯಾಸ, ಆದರೆ ಒಡೆದರೆ ಚೂರುಚೂರು: 2 × 3 × 3 × 7 × 11 × 31 × 151 × 331. ಇದರಲ್ಲಿ ನಮ್ಮ 31 ಇರುವುದನ್ನು ಗಮನಿಸಿ. ಸರಗಳ ವಾದವನ್ನು 2147483647ಕ್ಕೇ ಹಚ್ಚಿ ನೋಡಿದರೆ ಅದು ಇರಲೇಬೇಕು.

ನಿಮ್ಮ 2147483647 ಇನ್ನೊಂದು ಕಡೆಯೂ ಕಾದು ಕೂತಿದೆ. ಹಲವು ಹಳೆಯ ವ್ಯವಸ್ಥೆಗಳು ಹೊತ್ತನ್ನು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು 32 ಮನೆಗಳ ಡಬ್ಬಿಯಲ್ಲಿ ಎಣಿಸುತ್ತವೆ. 2038ರ ಜನವರಿ 19ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ 2147483647 ಮುಟ್ಟುತ್ತದೆ. ಫೋನ್ ನಂಬರಿನ ಕಾಲಮ್ ಸರಿಮಾಡಿಸುವಾಗ ಬಿಲ್ಲಿನ ತಾರೀಖು ಯಾವ ಡಬ್ಬಿಯಲ್ಲಿದೆ ಎಂದೂ ಒಮ್ಮೆ ಕೇಳಿ.

ಕೈಯಲ್ಲಿ ಮಾಡಿ ನೋಡುವ ಮನಸ್ಸಿದ್ದರೆ 1303ರ ನಂತರದ ಉಮೇದುವಾರ 1489. ಅದೂ ಅವಿಭಾಜ್ಯ, ಹಾಗಾಗಿ ತಪ್ಪಿಸಿಕೊಳ್ಳುವಂತಿಲ್ಲ. 2¹¹ = 2048ರಿಂದ ಶುರು ಮಾಡಿ: 1489 ಕಳೆದರೆ 559. ಅದನ್ನು ವರ್ಗ ಮಾಡಿದರೆ 2²² ಆಗುತ್ತದೆ. ಅಲ್ಲಿ 209 ಸಾಲ ಬರಬೇಕು. ಉಳಿದ ಒಂಬತ್ತು ದುಪ್ಪಟ್ಟು ನಿಮಗೆ ಬಿಟ್ಟದ್ದು. ಕೊನೆಗೆ ಒಂದು ಕಳೆದಾಗ ಶೇಷ 199 ಬಂದರೆ ಲೆಕ್ಕ ಸರಿ ಇದೆ, ಮುಂದೆ ಹೋಗಬಹುದು.